ಓಟಿಪಿ ಬಂತಾ?

ನಮ್ಮ ಸಾಗರ, ಹೊಸನಗರ, ಸಿದ್ದಾಪುರದ ಕಡೆ ಒಳಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ಲಿಗಿಂತ ಮೊದಲೇ ಮನೆಗೆ ಫೈಬರ್ ಬಂತು. ಅಡಿಕೆ ತೋಟದ ಅಂಚಿನಲ್ಲಿ ಕಂಬದಿಂದ ಕಂಬಕ್ಕೆ ಕಪ್ಪು ವಯರು ಎಳೆದುಕೊಂಡು ಬಂದರು, ಜಗಲಿಯ ಗೋಡೆಗೆ ಒಂದು ಪೆಟ್ಟಿಗೆ ಹೊಡೆದರು. ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವ ಹುಡುಗರಿದ್ದಾರೆ. ಅಮೆರಿಕದ ಮೊಮ್ಮಗನ ಮುಖವನ್ನು ಅಜ್ಜಿ ದಿನಾ ರಾತ್ರಿ ನೋಡುತ್ತಾಳೆ. ಆದರೆ ಅದೇ ಜಗಲಿಯಲ್ಲಿ ಅದೇ ಫೋನಿಗೆ ಒಂದು ಎಸ್ಸೆಮ್ಮೆಸ್ ಬರುವುದಿಲ್ಲ. ಟವರ್ ಗುಡ್ಡದ ಆಚೆ ಮಗ್ಗುಲಲ್ಲಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ.

ಹೀಗಾಗಿ ದುಡ್ಡಿನ ವಿಷಯ ಬಂದಾಗ ಓಟಿಪಿಗಾಗಿ ಫೋನು ಹಿಡಿದು ಸೊಪ್ಪಿನಬೆಟ್ಟ ಹತ್ತಬೇಕು. ಮೊನ್ನೆ ಆಚೆಮನೆ ಅಕ್ಕ ಬೇಲಿಯ ಹತ್ತಿರ ಬಸಳೆ ಸೊಪ್ಪು ಕೊಯ್ಯುತ್ತಾ ಇದನ್ನೇ ಹೇಳುತ್ತಿದ್ದರು. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತಂತೆ.

"ಇವರು ಫೋನ್ ಹಿಡ್ಕಂಡು ಗುಡ್ಡಕ್ಕೆ ಹೋದ್ರು ತಮ್ಮಾ. ಮಗಳು ಇಲ್ಲಿ ಕಂಪ್ಯೂಟರ್ ಮುಂದೆ. ನಾನು ಅಂಗಳದಲ್ಲಿ ನಿಂತ್ಕಂಡು ಇವರು ಕೂಗಿದ್ದು ಕೇಳಿ ಅವ್ಳಿಗೆ ಹೇಳೋದು. ಏಳು ಅಂದ್ರೋ ಎಂಟು ಅಂದ್ರೋ ಗೊತ್ತಾಗ್ಲಿಲ್ಲ. ಅಷ್ಟ್ರಲ್ಲಿ ಟೈಮು ಮುಗೀತು. ಬಸ್ ಟಿಕೆಟ್ ಮಾಡುವಾಗ ವಾಟ್ಸಾಪಿಗೇ ಬರ್ತದಪ್ಪ, ಕೂತಲ್ಲಿಗೇ. ಬ್ಯಾಂಕಿನವ್ರಿಗೆ ಎಂತ ಧಾಡಿ?"

ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. ಯಾರಿಗೂ ಹೇಳಬೇಡಿ ಎಂದು ಬರೆದು ಕಳಿಸಿದ ಆರಂಕಿಯನ್ನು ಇಡೀ ಕೇರಿಗೆ ಕೇಳುವ ಹಾಗೆ ಗುಡ್ಡದ ತಲೆಯಿಂದ ಕೂಗಬೇಕಾದ ಪರಿಸ್ಥಿತಿಯನ್ನು ನಾವು ಮಾಡಿಕೊಂಡದ್ದಲ್ಲ.

ಎಸ್ಸೆಮ್ಮೆಸ್ಸು ಸಿಮ್ ಕಾರ್ಡನ್ನು ಹುಡುಕಿಕೊಂಡು ಮೊಬೈಲ್ ಕಂಪನಿಯ ಟವರಿನಿಂದಲೇ ಬರಬೇಕು. ವಾಟ್ಸಾಪಿಗೆ ಇಂಟರ್ನೆಟ್ ಎಲ್ಲಿಂದ ಬಂದರೂ ಆಯಿತು. ವೈಫೈ ಕಾಲಿಂಗ್ ಎಂಬ ಸೌಲಭ್ಯ ಇದೆ, ಅದನ್ನು ಸೆಟ್ಟಿಂಗ್ಸಿನಲ್ಲಿ ಹಾಕಿಕೊಂಡರೆ ಕೆಲವು ಸಿಮ್ಮು, ಕೆಲವು ಫೋನುಗಳಲ್ಲಿ ಎಸ್ಸೆಮ್ಮೆಸ್ಸೂ ವೈಫೈ ಮೇಲೆ ಬರುತ್ತದೆ. ಬೆಟ್ಟ ಹತ್ತುವ ಮನೆಯವರು ಅದನ್ನೊಮ್ಮೆ ನೋಡಿಕೊಳ್ಳಲಿ. ಆದರೆ ಹಳೆಯ ಫೋನು ಇಟ್ಟುಕೊಂಡವರಿಗೆ ಆ ಭಾಗ್ಯ ಇಲ್ಲ, ಮತ್ತು ಹಳ್ಳಿಯ ಹಿರಿಯರ ಕೈಯಲ್ಲಿರುವುದು ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನೇ.

ಈ ಓಟಿಪಿ ನಮ್ಮ ಬದುಕಿಗೆ ಬಂದದ್ದು ರಿಸರ್ವ್ ಬ್ಯಾಂಕಿನ ದೆಸೆಯಿಂದ. ಆನ್‌ಲೈನಿನಲ್ಲಿ ಕಾರ್ಡು ಬಳಸಿ ದುಡ್ಡು ಕೊಡುವಾಗ ಕಾರ್ಡಿನ ಮೇಲಿರುವ ಅಂಕಿಗಳ ಜೊತೆಗೆ ಇನ್ನೊಂದು ಪರೀಕ್ಷೆ ಇರಲೇಬೇಕು ಎಂದು 2009ರ ಆಗಸ್ಟಿನಿಂದ ಕಡ್ಡಾಯ ಮಾಡಿದರು. ಬೇರೆ ಎಷ್ಟೋ ದೇಶಗಳು ಆ ಹೊತ್ತಿಗೆ ಇನ್ನೂ ಈ ಮಟ್ಟದ ಕಟ್ಟುನಿಟ್ಟಿಗೆ ಬಂದಿರಲಿಲ್ಲ. ಅದರಿಂದ ನಮಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಡೀ ದೇಶದ ವ್ಯವಹಾರ ಎಸ್ಸೆಮ್ಮೆಸ್ ಎಂಬ ಒಂದೇ ಕಾಲುಸಂಕದ ಮೇಲೆ ನಿಂತಿತು. ಆ ಸಂಕ ಅಲ್ಲಾಡಿದ್ದು 2021ರ ಮಾರ್ಚ್ 8ರಂದು. ಕಾಟ ಕೊಡುವ ಜಾಹೀರಾತು ಸಂದೇಶಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ನಿಯಮ ತಂದಿತ್ತು: ಸಂದೇಶ ಕಳಿಸುವ ಪ್ರತಿ ಕಂಪನಿಯೂ ತನ್ನ ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಿರಬೇಕು, ಒಕ್ಕಣೆ ತಾಳೆಯಾಗದಿದ್ದರೆ ಮೊಬೈಲ್ ಕಂಪನಿ ಅದನ್ನು ಬಿಸಾಡಬೇಕು. ಆ ಸೋಮವಾರ ಅದು ಜಾರಿಗೆ ಬಂತು. ಎಷ್ಟೋ ಕಡೆ ನೋಂದಣಿ ಸರಿಯಾಗಿ ಆಗಿರಲಿಲ್ಲ. ಬ್ಯಾಂಕಿನ ಓಟಿಪಿ, ಆಧಾರ್ ಓಟಿಪಿ, ಆಗಷ್ಟೇ ಶುರುವಾಗಿದ್ದ ಕೋವಿಡ್ ಲಸಿಕೆಯ ಕೋವಿನ್ ಓಟಿಪಿ ಎಲ್ಲಾ ಕಸದ ಜೊತೆ ಸೋಸಿ ಹೋದವು. ಮರುದಿನವೇ ಟ್ರಾಯ್ ಆ ಜರಡಿಯನ್ನು ಒಂದು ವಾರ ನಿಲ್ಲಿಸಬೇಕಾಯಿತು.

ಅದಾದ ಮೇಲೆ ಅಂಗಡಿಗಳು, ಸಾಲ ಕೊಡುವ ಆ್ಯಪುಗಳು, ಟಿಕೆಟ್ಟಿನವರು ವಾಟ್ಸಾಪಿನ ಕಡೆ ಹೊರಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ದುಡ್ಡಿನ ಲೆಕ್ಕವೂ ಇದೆ. ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪು ಲಾಭದ ಆಸೆಯಿಲ್ಲದೆ ನಡೆಯುವ ಸಂಸ್ಥೆಯದು. ಹೊಸಬರು ಸೇರುವಾಗ ಕಳಿಸುವ ಕೋಡಿಗೇ ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಹೋಗುತ್ತದೆ ಎಂದು 2023ರಲ್ಲಿ ಅದು ತನ್ನ ಖರ್ಚಿನ ಪಟ್ಟಿಯಲ್ಲಿ ಬಿಚ್ಚಿಟ್ಟಿತು. ಅದೇ ವರ್ಷ ಟ್ವಿಟರ್ ದುಡ್ಡು ಕೊಡದ ಬಳಕೆದಾರರಿಗೆ ಎಸ್ಸೆಮ್ಮೆಸ್ ಕೋಡು ಕಳಿಸುವುದನ್ನೇ ನಿಲ್ಲಿಸಿತು. ಏಕೆಂದರೆ ಕಳ್ಳ ಖಾತೆಗಳ ಮೂಲಕ ಬೇಕೆಂದೇ ಲಕ್ಷಾಂತರ ಕೋಡು ತರಿಸಿಕೊಂಡು, ಆ ಸಂದೇಶಗಳ ಬಿಲ್ಲಿನಲ್ಲಿ ಪಾಲು ಹೊಡೆಯುವ ದಂಧೆಯೊಂದು ಜಗತ್ತಿನ ಎಷ್ಟೋ ಕಡೆ ಇದೆ. ಟೆಲಿಗ್ರಾಮ್ 2024ರಲ್ಲಿ ಕೋಡಿಗೆ ಒಂದು ಸೆಂಟಿನಂತೆ ತಾನೇ ತಲುಪಿಸುತ್ತೇನೆ ಎಂದು ಅಂಗಡಿ ತೆರೆಯಿತು. ಕಂಪನಿಗಳ ಕಡೆಯಿಂದ ನೋಡಿದರೆ ಈ ಓಟ ಅರ್ಥವಾಗುತ್ತದೆ. ಸಂದೇಶ ತಲುಪಿತೋ ಇಲ್ಲವೋ ಎಂಬುದೂ ವಾಟ್ಸಾಪಿನಲ್ಲಿ ಕಳಿಸಿದವರಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ನನಗೆ ಇರುವ ಸಂಕಟ ಬೇರೆ. ದಾರಿ ಬದಲಾಗುತ್ತಿದೆ, ಆದರೆ ಸಂದೇಶದಲ್ಲಿ ಏನು ಬರೆದಿರಬೇಕು ಎಂಬುದರ ಬಗ್ಗೆ ಯಾರಿಗೂ ತಲೆಬಿಸಿ ಇದ್ದಂತಿಲ್ಲ.

ಎಸ್ಸೆಮ್ಮೆಸ್ಸಿನಲ್ಲಿ ಬರುವ ಬ್ಯಾಂಕಿನ ಓಟಿಪಿಯನ್ನು ಒಮ್ಮೆ ನಿಧಾನಕ್ಕೆ ನೋಡಿ. ಮೇಲೆ ಕಳಿಸಿದವರ ಹೆಸರು. ಅದರ ಮುಂದೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂದು ಗೀಟು. ಮೊದಲ ಅಕ್ಷರ ಮೊಬೈಲ್ ಕಂಪನಿಯದು, ಎರಡನೆಯದು ಸಂದೇಶ ಹೊರಟ ವಲಯದ್ದು. ಕರ್ನಾಟಕದ ಅಕ್ಷರ ಎಕ್ಸ್. ಹಾಗಾಗಿ ಎಎಕ್ಸ್ ಎಂದರೆ ಏರ್‌ಟೆಲ್ ಕರ್ನಾಟಕ, ಜೆಎಕ್ಸ್ ಎಂದರೆ ಜಿಯೋ ಕರ್ನಾಟಕ. 2025ರಿಂದ ಹೆಸರಿನ ಬಾಲಕ್ಕೂ ಒಂದು ಅಕ್ಷರ ಸೇರಿದೆ: ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರದ್ದು. ಬ್ಯಾಂಕಿನ ಹೆಸರು ಹೇಳಿಕೊಂಡು ಹತ್ತಂಕಿಯ ಸಾಮಾನ್ಯ ನಂಬರಿನಿಂದ ಸಂದೇಶ ಬಂದರೆ ಅದು ಬ್ಯಾಂಕಿನದಲ್ಲ ಎಂದು ಅಷ್ಟರಿಂದಲೇ ಹೇಳಬಹುದು. ಒಳಗೆ, ಒಳ್ಳೆಯ ಬ್ಯಾಂಕಾದರೆ, ಇಷ್ಟು ರೂಪಾಯಿ ಇಂಥ ಅಂಗಡಿಗೆ ಎಂದೂ ಬರೆದಿರುತ್ತದೆ.

ವಾಟ್ಸಾಪಿನಲ್ಲಿ ಬರುವುದನ್ನು ನೋಡಿ. ಹೆಸರು, ಪಕ್ಕದಲ್ಲಿ ನೀಲಿ ಟಿಕ್ಕು. ಟಿಕ್ಕು ಇಲ್ಲದ ಸಾಮಾನ್ಯ ನಂಬರಿಗೂ ಬ್ಯಾಂಕಿನ ಲಾಂಛನವನ್ನು ಫೋಟೋ ಮಾಡಿ ಅಂಟಿಸಿಕೊಳ್ಳಲು ಯಾರಿಗೂ ಕಷ್ಟವಿಲ್ಲ. ಒಳಗಿನ ಒಕ್ಕಣೆ ವಾಟ್ಸಾಪಿನವರೇ ಗೊತ್ತುಮಾಡಿದ್ದು: ಇದು ನಿಮ್ಮ ಪರಿಶೀಲನಾ ಕೋಡ್ ಎಂಬ ಒಂದು ಸಾಲು. ಬೇಕಾದರೆ, ಯಾರಿಗೂ ಕೊಡಬೇಡಿ ಎಂಬ ಇನ್ನೊಂದು ಸಾಲು, ಇಷ್ಟು ನಿಮಿಷದಲ್ಲಿ ಮುಗಿಯುತ್ತದೆ ಎಂಬ ಮತ್ತೊಂದು. ಕೆಳಗೆ ಕೋಡ್ ಕಾಪಿ ಮಾಡಿ ಎಂಬ ಗುಂಡಿ. ಕೊಂಡಿ, ಚಿತ್ರ, ಜಾಹೀರಾತು ಯಾವುದನ್ನೂ ತೂರಿಸುವ ಹಾಗಿಲ್ಲ, ಅದು ಒಳ್ಳೆಯದು. ಆದರೆ ಕಳಿಸುವ ಕಂಪನಿ ಬಯಸಿದರೂ ಆ ಒಕ್ಕಣೆಯಲ್ಲಿ ಎಷ್ಟು ರೂಪಾಯಿ, ಯಾರಿಗೆ, ಯಾಕೆ ಎಂದು ಸೇರಿಸಲು ಜಾಗವಿಲ್ಲ. ಕೈಗೆ ಕೀಲಿ ಬರುತ್ತದೆ, ಯಾವ ಬೀಗದ್ದು ಎಂದು ಮಾತ್ರ ತಿಳಿಯುವುದಿಲ್ಲ. ಇನ್ನು ಕೆಲವು ಆ್ಯಂಡ್ರಾಯ್ಡ್ ಆ್ಯಪುಗಳಲ್ಲಂತೂ ಒಂದು ಸಲ ಮುಟ್ಟಿದರೆ ಕೋಡು ತಾನೇ ಹೋಗಿ ಕೂರುತ್ತದೆ. ಓದುವ ಕೆಲಸವೇ ಇಲ್ಲ. ಮೋಸ ತಿಳಿಯುವುದಕ್ಕೆ ಇದ್ದ ಒಂದೇ ಗಳಿಗೆ ಆ ಓದಿನದು. ಇಪ್ಪತ್ತು ರೂಪಾಯಿ ರಿಜಿಸ್ಟ್ರೇಷನ್ ಎಂದು ಹೇಳಿ ಇಪ್ಪತ್ತು ಸಾವಿರಕ್ಕೆ ಕೋಡು ತರಿಸಿದಾಗ, ಆ ಇಪ್ಪತ್ತು ಸಾವಿರ ಎಂಬ ಅಂಕಿ ಕಣ್ಣಿಗೆ ಬೀಳಬೇಕಲ್ಲ!

ಇದನ್ನು ಅಕ್ಕನಿಗೆ ಹೇಳಿದಾಗ ಅವರು ಇನ್ನೊಂದು ಮಾತು ಎತ್ತಿದರು. ಅದನ್ನು ಬ್ಯಾಂಕಿನ ದೊಡ್ಡವರು ಕೂತು ಕೇಳಬೇಕು.

"ಒಬ್ರು ಹೇಳಬೇಡಿ ಅಂತಾರೆ, ಇನ್ನೊಬ್ರು ಹೇಳಿ ಅಂತಾರೆ. ಗ್ಯಾಸಿನವನು ಸಿಲಿಂಡರ್ ಇಳ್ಸೋ ಮೊದ್ಲೇ ಕೋಡ್ ಹೇಳಿ ಅಮ್ಮಾ ಅಂತಾನೆ. ಬೆಂಗ್ಳೂರಲ್ಲಿ ಮಗನ ಮನೇಲಿದ್ದಾಗ ಆಟೋದವನಿಗೂ ಹೇಳಿದ್ದೇ, ತರಕಾರಿ ತಂದವನಿಗೂ ಹೇಳಿದ್ದೇ. ಬ್ಯಾಂಕಿಂದು ಮಾತ್ರ ಹೇಳಬಾರ್ದು. ಎಲ್ಲಾ ಒಂದೇ ತರ ಕಾಣ್ತದೆ, ನಾ ಹ್ಯಾಗೆ ತಿಳ್ಕಳ್ಳಲಿ?"

ನೋಡಿ, ಎಷ್ಟು ದೊಡ್ಡ ಮಾತು. ಗ್ಯಾಸ್ ಸಿಲಿಂಡರಿಗೆ ಈ ಪದ್ಧತಿ 2020ರ ಕೊನೆಗೆ ದೊಡ್ಡ ಊರುಗಳಲ್ಲಿ ಶುರುವಾಗಿ ಈಗ ಹಳ್ಳಿಗೂ ಬಂದಿದೆ. ಸಿಲಿಂಡರು ಬೇರೆಯವರ ಪಾಲಾಗದಿರಲಿ ಎಂಬ ಒಳ್ಳೆಯ ಉದ್ದೇಶ. ಅಲ್ಲಿ ಕೋಡನ್ನು ಬಾಯಿಬಿಟ್ಟು ಹೇಳಿದರೇ ಕೆಲಸ. ಆಟೋ ಹತ್ತುವಾಗ ಹೇಳಬೇಕು, ಪಾರ್ಸೆಲ್ ತೆಗೆದುಕೊಳ್ಳುವಾಗ ಹೇಳಬೇಕು. ಹೀಗೆ ವಾರಕ್ಕೆ ನಾಲ್ಕು ಸಲ ಅಪರಿಚಿತರಿಗೆ ಕೋಡು ಹೇಳುವ ಅಭ್ಯಾಸವನ್ನು ನಾವೇ ನಮ್ಮ ಜನಕ್ಕೆ ಮಾಡಿಸಿದ್ದೇವೆ. ಐದನೆಯ ಸಲ ಬಂದವನು ಕಳ್ಳನಾದರೆ ಅವನಿಗೂ ಹೇಳುತ್ತಾರೆ. ಪಾರ್ಸೆಲ್ ಕ್ಯಾನ್ಸಲ್ ಮಾಡಲು ಕೋಡು ಹೇಳಿ ಎಂದು ಫೋನು ಮಾಡುವ ವಂಚಕರು ಬದುಕಿರುವುದೇ ಈ ಗೊಂದಲದ ಮೇಲೆ. ಹೊರದೇಶದ ಮಕ್ಕಳ ವಿಷಯವೂ ಅಷ್ಟೇ. ಊರಿನ ಸಿಮ್ಮನ್ನು ಅಪ್ಪನ ಫೋನಿನ ಎರಡನೇ ಕಿಂಡಿಗೆ ಹಾಕಿ ಹೋಗಿರುತ್ತಾರೆ. ನ್ಯೂಜೆರ್ಸಿಯಿಂದ ಮಗಳು ಇಲ್ಲಿಯ ಖಾತೆ ತೆಗೆದರೆ ರಾತ್ರಿ ಹನ್ನೊಂದಕ್ಕೆ ಅಪ್ಪ ಎದ್ದು ಕನ್ನಡಕ ಹುಡುಕಿ ಅಂಕಿ ಓದಿ ಹೇಳಬೇಕು. ಮಗಳಿಗೆ ಹೇಳಿ ಅಭ್ಯಾಸವಾದ ಬಾಯಿ, ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ ಎಂದವರ ಮುಂದೆ ತಡೆಯುವುದು ಕಷ್ಟ. ಆ ಮಗಳ ಕೈಯಲ್ಲಿರುವ ಫೋನಿಗೇ ವಾಟ್ಸಾಪಿನಲ್ಲಿ ಬರುವ ಹಾಗಿದ್ದರೆ ಅಪ್ಪನ ನಿದ್ದೆಯೂ ಉಳಿಯುತ್ತಿತ್ತು, ಕೋಡೂ ಒಬ್ಬರ ಕಣ್ಣಲ್ಲೇ ಉಳಿಯುತ್ತಿತ್ತು.

ಕೋಡು ಹೇಳಿ ದುಡ್ಡು ಹೋದರೆ ಹೊಣೆ ಯಾರದು? ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದ್ದು ಇದನ್ನು. ಬ್ಯಾಂಕಿನದೂ ತಪ್ಪಿಲ್ಲ, ಗ್ರಾಹಕನದೂ ತಪ್ಪಿಲ್ಲ, ಬೇರೆಲ್ಲೋ ತೂತಾಗಿದೆ ಎಂದಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಗ್ರಾಹಕನೇ ಗುಟ್ಟಿನ ಅಂಕಿಯನ್ನು ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ಪೂರ್ತಿ ನಷ್ಟ ಅವನದೇ. ನಿಯಮ ಸರಿಯಿರಬಹುದು. ಆದರೆ ಇಷ್ಟು ಭಾರದ ಹೊಣೆಯನ್ನು ಒಬ್ಬ ಮನುಷ್ಯನ ಹೆಗಲಿಗೆ ಹೊರಿಸುವ ಎಚ್ಚರಿಕೆಯನ್ನು ಅವನಿಗೆ ಓದಲು ಬಾರದ ಭಾಷೆಯಲ್ಲಿ ಕಳಿಸುವುದು ಎಲ್ಲಿಯ ಧರ್ಮ? ಅಕ್ಕನಿಗೆ ಕನ್ನಡ ಪತ್ರಿಕೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೇಕು. ಇಂಗ್ಲಿಷಿನ ಆ ಎರಡು ಸಾಲಿನಲ್ಲಿ ಅವರಿಗೆ ಗೊತ್ತಾಗುವುದು ಅಂಕಿ ಮಾತ್ರ.

ಕನ್ನಡದಲ್ಲಿ ಯಾಕೆ ಕಳಿಸುವುದಿಲ್ಲ ಎಂದು ಕೇಳಿದರೆ ಖರ್ಚಿನ ಮಾತು ಬರುತ್ತದೆ. ಅದರಲ್ಲಿ ಸತ್ಯವಿದೆ. ಇಂಗ್ಲಿಷಾದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಸೇರಿದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಅದರಲ್ಲೂ ಕೊಂಬು, ಒತ್ತು, ಸೊನ್ನೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಸ್ತ್ರೀ ಎಂಬ ಒಂದು ಅಕ್ಷರ ಆರು ಜಾಗ ತಿನ್ನುತ್ತದೆ. ಎಪ್ಪತ್ತು ದಾಟಿದರೆ ಎರಡು ಎಸ್ಸೆಮ್ಮೆಸ್ಸಿನ ದುಡ್ಡು. ಇಂಗ್ಲಿಷಿನ ಒಕ್ಕಣೆಯನ್ನು ಪದಕ್ಕೆ ಪದ ಅನುವಾದ ಮಾಡಿಸಿ, 'ವಹಿವಾಟನ್ನು ದೃಢೀಕರಿಸಲು ಏಕಬಾರಿಯ ಗುಪ್ತಪದ' ಎಂದೆಲ್ಲ ಬರೆದರೆ ಖಂಡಿತ ಎರಡಕ್ಕೆ ಹೋಗುತ್ತದೆ. ನಾನು ಕೂತು ನಮ್ಮ ಮನೆಮಾತಿನಲ್ಲಿ ಬರೆದು ಎಣಿಸಿದೆ:

"ಕಾಲೇಜಿಗೆ ₹2,450 ಕಟ್ಟಲು ಕೋಡ್ 731406. ಯಾರಿಗೂ ಹೇಳಬೇಡಿ."

ಕೊಂಬು, ಒತ್ತು, ಚುಕ್ಕೆ, ನಡುವಿನ ಖಾಲಿ ಜಾಗ ಎಲ್ಲಾ ಸೇರಿ 51. ಎಪ್ಪತ್ತರೊಳಗೆ ಸಲೀಸಾಗಿ ಕೂತಿತು, ಬ್ಯಾಂಕಿನ ಹೆಸರು ಸೇರಿಸಲೂ ಜಾಗ ಉಳಿಯಿತು. ಗ್ಯಾಸಿನದು ಇನ್ನೂ ಚಿಕ್ಕದು:

"ಗ್ಯಾಸ್ ತಂದವರಿಗೆ ಈ ಕೋಡ್ ಹೇಳಿ: 4821."

ಮೂವತ್ತನಾಲ್ಕು! ಒಂದರಲ್ಲಿ ಹೇಳಬೇಡಿ, ಇನ್ನೊಂದರಲ್ಲಿ ಹೇಳಿ. ಎಷ್ಟು ರೂಪಾಯಿ, ಯಾರಿಗೆ ಎಂಬುದೂ ಇದೆ. ಅಕ್ಕ ಬೇಲಿಯಾಚೆಯಿಂದಲೇ ಫೋನಿನಲ್ಲಿ ಓದಿ, "ಹೀಗ್ ಬರೆದ್ರೆ ನಂಗೆ ಯಾರನ್ನೂ ಕೇಳೋದೇ ಬ್ಯಾಡ" ಎಂದರು. ವಾಟ್ಸಾಪಿನಲ್ಲಿ ಈ ಎಪ್ಪತ್ತರ ಕಟ್ಟೇ ಇಲ್ಲ. ಅಲ್ಲಿಯ ಸಿದ್ಧ ಒಕ್ಕಣೆ ಕನ್ನಡದಲ್ಲೂ ಇದೆ, ಭಾಷೆ ಬದಲಾದರೆ ದರ ಬದಲಾಗುವುದಿಲ್ಲ. ಹಾಗಿದ್ದೂ ಕರ್ನಾಟಕದ ಗ್ರಾಹಕರಿಗೆ ಇಂಗ್ಲಿಷಿನಲ್ಲೇ ಕಳಿಸುವ ಕಂಪನಿಗೆ ಖರ್ಚಿನ ನೆಪವೂ ಇಲ್ಲ. ನಮ್ಮದೇ ಬೆಂಗಳೂರಿನಲ್ಲಿ ಕೂತು ಇಡೀ ದೇಶಕ್ಕೆ ಆ್ಯಪು ಮಾಡುವವರು ಈ ಒಂದು ಆಯ್ಕೆಯನ್ನು ಒತ್ತಲಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಇಷ್ಟೆಲ್ಲ ವಾಟ್ಸಾಪಿನ ಪರ ಮಾತಾಡಿದ ಮೇಲೆ ಅದರ ಬುಡದ ವಿಷಯವನ್ನೂ ಹೇಳಬೇಕು. ವಾಟ್ಸಾಪ್ ಖಾತೆ ತೆರೆಯುವುದೇ ಒಂದು ಆರಂಕಿಯ ಕೋಡಿನಿಂದ. ಅದು ಎಸ್ಸೆಮ್ಮೆಸ್ಸಿನಲ್ಲೋ ಫೋನ್ ಕರೆಯಲ್ಲೋ ಬರುತ್ತದೆ. ಆ ಒಂದು ಕೋಡು ಕಳ್ಳನ ಕೈಗೆ ಸಿಕ್ಕಿದರೆ ಖಾತೆಯೇ ಅವನ ಫೋನಿಗೆ ಹೋಯಿತು, ಮುಂದೆ ಬರುವ ಕೋಡುಗಳೆಲ್ಲ ಅವನಿಗೆ. ಸ್ಟಾರ್ 401 ಸ್ಟಾರ್ ಒತ್ತಿ ಇಂಥ ನಂಬರು ಹಾಕಿ ಎಂದು ನಂಬಿಸಿ, ನಮ್ಮ ಕರೆಗಳನ್ನೇ ತಮ್ಮ ಫೋನಿಗೆ ತಿರುಗಿಸಿಕೊಂಡು ಆ ಕೋಡನ್ನು ಕೇಳಿಸಿಕೊಳ್ಳುವವರು ಇದ್ದರು. 2024ರ ಏಪ್ರಿಲ್‌ನಲ್ಲಿ ದೂರಸಂಪರ್ಕ ಇಲಾಖೆ ಹಾಗೆ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸುವಂತೆ ಮೊಬೈಲ್ ಕಂಪನಿಗಳಿಗೆ ಹೇಳಬೇಕಾಯಿತು. ಅನುಮಾನವಿದ್ದವರು *#21# ಒತ್ತಿ ನೋಡಿದರೆ ಕರೆ ಎಲ್ಲಿಗಾದರೂ ತಿರುಗಿದೆಯೇ ಎಂದು ಕಾಣುತ್ತದೆ. ##002# ಒತ್ತಿದರೆ ಎಲ್ಲವೂ ರದ್ದು. ಮದುವೆ ಕರೆಯೋಲೆ ಎಂದೋ ಆರ್‌ಟಿಒ ದಂಡದ ಚಲನ್ ಎಂದೋ ವಾಟ್ಸಾಪಿನಲ್ಲಿ ಬರುವ ಎಪಿಕೆ ಎಂಬ ಆ್ಯಪ್ ಫೈಲುಗಳದ್ದು ಇನ್ನೊಂದು ಪಿಡುಗು. ಇನ್‌ಸ್ಟಾಲ್ ಮಾಡಿದರೆ ಎಸ್ಸೆಮ್ಮೆಸ್ಸುಗಳನ್ನು ಓದಿ ಕಳ್ಳನಿಗೆ ದಾಟಿಸುತ್ತವೆ. ಪರಿಚಯದವರ ನಂಬರಿನಿಂದಲೇ ಬರುತ್ತವೆ ಎಂಬುದೇ ಅವುಗಳ ಬಲ. ದಯಮಾಡಿ ಮುಟ್ಟಬೇಡಿ.

2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಇನ್ನೊಂದು ಆದೇಶ ಹೊರಡಿಸಿತು. ಯಾವ ಸಿಮ್ಮಿನಿಂದ ವಾಟ್ಸಾಪ್, ಟೆಲಿಗ್ರಾಮ್ ಮುಂತಾದವು ತೆರೆದಿದ್ದೋ ಆ ಸಿಮ್ಮು ಅದೇ ಫೋನಿನಲ್ಲಿ ಇರುವವರೆಗೆ ಮಾತ್ರ ಆ್ಯಪು ನಡೆಯಬೇಕು ಎಂದು. ಹೊರಗೆಲ್ಲೋ ಕೂತು ಇಲ್ಲಿಯ ನಂಬರಿನ ಹೆಸರಲ್ಲಿ ಮೋಸ ಮಾಡುವವರನ್ನು ಹಿಡಿಯುವ ಉದ್ದೇಶ. ಆದರೆ ಸಿಮ್ಮನ್ನು ಅಪ್ಪನ ಫೋನಿನಲ್ಲಿ ಬಿಟ್ಟು ಊರಿನ ನಂಬರಿನದೇ ವಾಟ್ಸಾಪ್ ನಡೆಸುವ ಆ ನ್ಯೂಜೆರ್ಸಿಯ ಮಗಳಂಥವರ ಪಾಡನ್ನೂ ಯೋಚಿಸಿಯೇ ಇಂಥವನ್ನು ಮಾಡಬೇಕಾಗುತ್ತದೆ.

ಬ್ಯಾಂಕುಗಳಿಗೂ ಈಗ ಹಳೆಯ ದಾರಿಯೊಂದೇ ಉಳಿದಿಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದು ಹೇಳಿದ ಹೊಸ ನಿರ್ದೇಶನದಲ್ಲಿ ಎಸ್ಸೆಮ್ಮೆಸ್ ಓಟಿಪಿಯನ್ನು ಬಿಡಿ ಎಂದೂ ಇಲ್ಲ, ಅದೇ ಆಗಬೇಕು ಎಂದೂ ಇಲ್ಲ. ಎರಡು ಬಗೆಯ ಪರೀಕ್ಷೆ ಇರಲಿ, ಒಂದಾದರೂ ಆಯಾ ವಹಿವಾಟಿಗೆ ಮಾತ್ರ ಹುಟ್ಟಿದ್ದಾಗಿರಲಿ, ಈ ನಿಯಮ ಪಾಲಿಸದೆ ಗ್ರಾಹಕನಿಗೆ ನಷ್ಟವಾದರೆ ತಕರಾರಿಲ್ಲದೆ ಪೂರ್ತಿ ತುಂಬಿಕೊಡಿ ಎಂದಿದೆ. ಹಾಗಿದ್ದ ಮೇಲೆ ಖಾತೆಯ ಫಾರಂನಲ್ಲಿ ಎರಡು ಪ್ರಶ್ನೆ ಹೆಚ್ಚು ಹಾಕಲು ಏನಡ್ಡಿ? ಕೋಡು ನಿಮಗೆ ಯಾವುದರಲ್ಲಿ ಬರಲಿ, ಯಾವ ಭಾಷೆಯಲ್ಲಿ ಬರಲಿ. ಟವರ್ ಚೆನ್ನಾಗಿರುವ ಊರಿನವರು, ಗುಂಡಿಯ ಫೋನಿನವರು ಎಸ್ಸೆಮ್ಮೆಸ್ ಎನ್ನಲಿ. ನಮ್ಮಂಥ ಗುಡ್ಡದ ಬುಡದವರು ವಾಟ್ಸಾಪ್ ಎನ್ನಲಿ. ಎಷ್ಟು ರೂಪಾಯಿ, ಯಾರಿಗೆ ಎಂಬ ಮಾತು ಎರಡರಲ್ಲೂ ಇರಲಿ. ವಾಟ್ಸಾಪಿನ ಸಿದ್ಧ ಒಕ್ಕಣೆಯಲ್ಲಿ ಜಾಗವಿಲ್ಲದಿದ್ದರೆ ಜಾಗ ಮಾಡಿಸುವಷ್ಟು ಗಿರಾಕಿತನ ಇಷ್ಟು ದೊಡ್ಡ ದೇಶದ ಬ್ಯಾಂಕುಗಳಿಗೆ ಇದೆ.

ಅದೆಲ್ಲ ಆಗುವವರೆಗೆ ನಮ್ಮ ಕೈಲಾದದ್ದು ಮಾಡೋಣ ಎಂದು ಅಕ್ಕನ ಫೋನಿನಲ್ಲಿ ವಾಟ್ಸಾಪಿನ ಸೆಟ್ಟಿಂಗ್ಸಿಗೆ ಹೋಗಿ, ಅಕೌಂಟ್ ಒಳಗೆ ಟೂ-ಸ್ಟೆಪ್ ವೆರಿಫಿಕೇಶನ್ ಎಂಬಲ್ಲಿ ಆರಂಕಿಯ ಪಿನ್ ಹಾಕಿಸಿದೆ. ಇದಿದ್ದರೆ ಎಸ್ಸೆಮ್ಮೆಸ್ ಕೋಡು ಒಂದೇ ಸಿಕ್ಕಿದವನಿಗೆ ಖಾತೆ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅಂಕಿ ಒತ್ತುವಾಗ ನಾನು ಮುಖ ತಿರುಗಿಸಿ ನಿಂತೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ಆಮೇಲೆ ಬ್ಯಾಂಕಿಗೆ ಎಂದೂ ಹೇಳಿದೆ. ಅಕ್ಕ ಅದನ್ನು ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ, ದಪ್ಪಗೆ ಬರೆದುಕೊಂಡರು. ನಾಳೆ ಅವರ ಯಜಮಾನರ ಫೋನಿಗೂ ಪಿನ್ ಹಾಕಿಕೊಡಬೇಕಂತೆ. ಕೆಳಕೇರಿಯ ಅತ್ತೆಯೂ ಬರುತ್ತಾರಂತೆ.